ಶಸ್ತ್ರವಿಲ್ಲದ ಚಿಕಿತ್ಸೆಯ ಸತ್ಯಪರೀಕ್ಷೆ

ಹಸಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನಡುರಾತ್ರಿ ನಿದ್ದೆಗೆಡಿಸುವ ನೋವು. ಜಠರದ ಹುಣ್ಣಿನಿಂದ ನರಳಿದ ಹಿರಿಯರನ್ನು ನಾವೆಲ್ಲರೂ ಕಂಡವರೇ. ಶಸ್ತ್ರಕ್ರಿಯೆಯಿಲ್ಲದೆ ಒಂದು ಗಂಟೆಯಲ್ಲಿ ಗುಣವೆಂದು ಯಾರಾದರೂ ಹೇಳಿದರೆ ಅಂಥವರ ಮನಸ್ಸು ಅತ್ತ ಎಳೆಯುವುದು ಸಹಜ. 1962ರಲ್ಲಿ ಅಮೆರಿಕದಲ್ಲಿ ನಡೆದುದು ಇದೇ.

ಮಿನ್ನೆಸೋಟ ವಿಶ್ವವಿದ್ಯಾಲಯದ ಓವೆನ್ ವ್ಯಾಂಗನ್‌ಸ್ಟೀನ್ ಹೆಸರಾಂತ ಶಸ್ತ್ರವೈದ್ಯರು. ಹುಣ್ಣು ಬಲಿತರೆ ಜಠರದ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದ ಆ ಕಾಲದಲ್ಲಿ ಅವರು ಬೇರೊಂದು ಉಪಾಯವನ್ನು ಮುಂದಿಟ್ಟರು. ರೋಗಿಯು ನಳಿಕೆಗೆ ಜೋಡಿಸಿದ ಬಲೂನೊಂದನ್ನು ನುಂಗಬೇಕು; ಸೊನ್ನೆಗಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವವನ್ನು ಅದರೊಳಗೆ ಸುಮಾರು ಒಂದು ಗಂಟೆ ಹರಿಸಬೇಕು. ಜಠರದ ಒಳಪದರವು ಹೆಪ್ಪುಗಟ್ಟಿದರೆ ಆಮ್ಲದ ಸ್ರಾವ ಕುಗ್ಗಿ ಹುಣ್ಣು ಮಾಯುವುದೆಂಬುದು ಅವರ ತರ್ಕ. ಮೊದಲ ರೋಗಿಗಳ ನೋವು ಶಮನವಾಯಿತು. ಯಂತ್ರಗಳು ಆಸ್ಪತ್ರೆಗಳಿಗೆ ಹೋದವು. ಸಾವಿರಾರು ಜನ ಬಲೂನು ನುಂಗಿದರು.

ನೋವು ಶಮನವಾದುದು ಸುಳ್ಳಲ್ಲ. ಆದರೆ ಶೀತದಿಂದಲೇ ಶಮನವಾಯಿತೆ? ಹುಣ್ಣಿನ ನೋವು ತಾನಾಗಿಯೇ ಏರುವುದು, ತಾನಾಗಿಯೇ ಇಳಿಯುವುದು. ವೈದ್ಯರ ಮೇಲಿನ ನಂಬಿಕೆಯೂ ಅರ್ಧ ಮದ್ದೆಂಬುದನ್ನು ನಮ್ಮ ಅಜ್ಜಿಯರೇ ಬಲ್ಲರು. ಹೋಲಿಸಿ ನೋಡಲು ಮತ್ತೊಂದು ಗುಂಪೇ ಇರಲಿಲ್ಲ.

ಡ್ಯೂಕ್ ವಿಶ್ವವಿದ್ಯಾಲಯದ ರಫಿನ್ ಮತ್ತು ಸಂಗಡಿಗರು ಅದನ್ನು ಮಾಡಿದರು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದ 160 ರೋಗಿಗಳೆಲ್ಲರೂ ಬಲೂನು ನುಂಗಿದರು. 82 ಜನರಿಗೆ ನಿಜವಾದ ಶೀತ; 78 ಜನರಿಗೆ ಶೀತದ್ರವವನ್ನು ಬೇರೆ ದಾರಿಗೆ ತಿರುಗಿಸಿ, ಬಲೂನು ದೇಹದಷ್ಟೇ ಬೆಚ್ಚಗಿರುವಂತೆ ಮಾಡಲಾಯಿತು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಗುಣವನ್ನು ಅಳೆಯುವ ವೈದ್ಯನಿಗೂ ತಿಳಿಯದು. 1969ರಲ್ಲಿ ಫಲಿತಾಂಶ ಪ್ರಕಟವಾಯಿತು: ಶೀತ ಪಡೆದವರಲ್ಲಿ 28 ಜನರಿಗೆ, ಎಂದರೆ ಶೇಕಡಾ 34ರಷ್ಟು ಮಂದಿಗೆ ಗುಣ ಕಂಡಿತ್ತು. ಸೋಗಿನ ಚಿಕಿತ್ಸೆ ಪಡೆದವರಲ್ಲಿ 30 ಜನರಿಗೆ, ಶೇಕಡಾ 38! ಈ ಅಂಕಿಗಳನ್ನು ನಾವು ಎರಡು ಬಾರಿ ಓದಿಕೊಂಡೆವು. ಶೀತದಿಂದ ಜಠರಕ್ಕೇ ಗಾಯವಾದ ಪ್ರಸಂಗಗಳೂ ವರದಿಯಾಗಿದ್ದವು. ಯಂತ್ರಗಳು ಮೂಲೆ ಸೇರಿದವು.

ವ್ಯಾಂಗನ್‌ಸ್ಟೀನರನ್ನು ನಾವು ಮೋಸಗಾರರೆನ್ನಲಾರೆವು. ಸಜ್ಜನರೂ ತಮ್ಮ ಕಣ್ಣನ್ನೇ ನಂಬಿ ತಪ್ಪಬಲ್ಲರು. ಹೊಸ ಚಿಕಿತ್ಸೆಗೆ ಹಣ ಕಟ್ಟುವ ಮುನ್ನ, ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ನೋಡಿದ್ದಾರೆಯೇ ಎಂದು ವೈದ್ಯರನ್ನು ಕೇಳಲು ನಮ್ಮ ಕುಟುಂಬಗಳು ಸಂಕೋಚಪಡಬೇಕಿಲ್ಲ.

ಶಸ್ತ್ರವಿಲ್ಲದ ನಿಜವಾದ ಪರಿಹಾರ ದೊರೆತದ್ದು ಬೇರೆಡೆ. ಬಹುತೇಕ ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಎಂಬ ರೋಗಾಣುವಿದೆಯೆಂದು ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ 1980ರ ದಶಕದಲ್ಲಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ನೋವುನಿವಾರಕ ಮಾತ್ರೆಗಳು ಮತ್ತೊಂದು ಮುಖ್ಯ ಕಾರಣ. ರೋಗಾಣು ಇದ್ದಲ್ಲಿ ಸಾಮಾನ್ಯವಾಗಿ ಎರಡು ವಾರಗಳ ಔಷಧಿ ಸಾಕು. ಅದು ಮುಗಿದು ನಾಲ್ಕು ವಾರ ಕಳೆದ ಮೇಲೆ, ರೋಗಾಣು ಹೋಯಿತೇ ಎಂದು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.