ಪಡಸಾಲೆಯ ಸಮುದ್ರಕ್ಕೆ ಎರಡನೆಯ ಉಸಿರು

ಮುಂಬಯಿಯಿಂದ ರೈಲಿನಲ್ಲಿ ಘಾಟಿಯನ್ನೇರಿ, ಲೋಣಾವಳೆಯನ್ನು ದಾಟಿ ಪುಣೆಯತ್ತ ಸಾಗುವಾಗ ದೊರೆಯುವ ಊರು ತಳೇಗಾಂವ ದಾಭಾಡೆ. ಮರಾಠಾ ಸೇನಾಪತಿಗಳ ಮನೆತನವೊಂದರಿಂದ ತನ್ನ ಹೆಸರಿನ ಉತ್ತರಾರ್ಧವನ್ನು ಪಡೆದ ಈ ಊರಿನಲ್ಲಿ, ಜನಸಾಮಾನ್ಯರಿಂದ ಪೈಸೆ ಪೈಸೆಯಾಗಿ ಕೂಡಿಸಿದ ‘ಪೈಸಾ ಫಂಡ್’ ಹಣದಿಂದ 1908ರಲ್ಲಿ ಗಾಜಿನ ಕಾರ್ಖಾನೆಯೊಂದು ಆರಂಭವಾಯಿತು. ಇಂದು ಸುತ್ತಲೂ ಬೇರೆ ಬಗೆಯ ಕಾರ್ಖಾನೆಗಳು ಎದ್ದಿವೆ. ಅವುಗಳನ್ನು ಹಿಂಬಾಲಿಸಿ ಬೆಳಗಾವಿ, ಧಾರವಾಡ, ವಿಜಯಪುರಗಳಿಂದಲೂ ಕರಾವಳಿಯಿಂದಲೂ ಬಂದು ನೆಲೆಸಿದ ಕನ್ನಡ ಕುಟುಂಬಗಳಿವೆ. ಸಮುದ್ರವಾದರೋ ಸಹ್ಯಾದ್ರಿಯ ಆಚೆ, ಘಾಟಿಯ ಕೆಳಗೆ ಉಳಿಯಿತು. ಆದರೂ ಇಲ್ಲಿ ನಾನು ಬಲ್ಲ ಒಂದೆರಡು ಮನೆಗಳ ಪಡಸಾಲೆಯಲ್ಲಿ ಸಮುದ್ರವಿದೆ: ಗಾಜಿನ ತೊಟ್ಟಿ, ಉಪ್ಪುನೀರು, ನೀಲಿ ಬೆಳಕು, ಅದರಲ್ಲಿ ಹೂವಿನಂತೆ ಅರಳಿ ಮುಚ್ಚುವ ಹವಳದ ಜೀವಿಗಳು.

ಆರೋಗ್ಯ ಲೇಖನಗಳ ನಡುವೆ ಮೀನಿನ ತೊಟ್ಟಿಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಕೆಲಸವಿದೆ. ಯಂತ್ರವೊಂದರ ಬಲದಿಂದ ಉಸಿರಾಡುವ ಜೀವವನ್ನು ಮನೆಯಲ್ಲಿಟ್ಟುಕೊಂಡವರು, ಆ ಯಂತ್ರ ನಿಂತಾಗ ಏನು ಮಾಡಬೇಕೆಂಬುದನ್ನು ಅದು ನಡೆಯುತ್ತಿರುವಾಗಲೇ ಯೋಚಿಸಿಡಬೇಕಾಗುತ್ತದೆ. ಇದು ಹವಳಕ್ಕೂ ಸಲ್ಲುವ ಮಾತು, ಮನುಷ್ಯನಿಗೂ ಸಲ್ಲುವ ಮಾತು.

ಸಮುದ್ರದಲ್ಲಿ ಹವಳದ ದಿಬ್ಬಕ್ಕೆ ಮೀಸಲು ಸಲಕರಣೆಯ ಅಗತ್ಯವಿಲ್ಲ. ಅಲೆ ನಿಲ್ಲುವುದಿಲ್ಲ, ನೀರು ಮುಗಿಯುವುದಿಲ್ಲ, ಹಗಲಿನ ಬಿಸಿಲನ್ನು ಅಪಾರ ಜಲರಾಶಿ ನುಂಗಿಕೊಳ್ಳುತ್ತದೆ. ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೊರೆವಾಲಾ ಮತ್ಸ್ಯಾಲಯವನ್ನು ನಮ್ಮಲ್ಲಿ ಅನೇಕರು ಮಕ್ಕಳ ಕೈಹಿಡಿದು ನೋಡಿದ್ದೇವೆ. ಅದಕ್ಕೂ ಸಮುದ್ರವು ರಸ್ತೆಯಾಚೆಗೇ ಇತ್ತು. ಘಾಟಿಯ ಮೇಲಿನ ತೊಟ್ಟಿಗೆ ಆ ಭಾಗ್ಯವಿಲ್ಲ. ಇಲ್ಲಿ ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಲವಣಗಳನ್ನು ಬೆರೆಸಿ ಸಮುದ್ರವನ್ನು ತಯಾರಿಸಬೇಕು; ಅಲೆಯ ಕೆಲಸವನ್ನು ಪಂಪು ಮಾಡಬೇಕು, ಸೂರ್ಯನ ಕೆಲಸವನ್ನು ದೀಪ ಮಾಡಬೇಕು. ಅಂದಮೇಲೆ ಗೋಡೆಯ ಪ್ಲಗ್ಗೇ ಇಲ್ಲಿ ಸಮುದ್ರ.

ಒಂದು ಲೆಕ್ಕವನ್ನು ನೋಡೋಣ. ಒಂದು ಲೀಟರು ಗಾಳಿಯಲ್ಲಿ 270 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವಿದೆ. ಇಪ್ಪತ್ತೈದು ಡಿಗ್ರಿ ಉಷ್ಣತೆಯ ಒಂದು ಲೀಟರು ಸಮುದ್ರದ ನೀರು ಕರಗಿಸಿಕೊಳ್ಳಬಲ್ಲದ್ದು 7 ಮಿಲಿಗ್ರಾಮಿಗಿಂತ ತುಸು ಕಡಿಮೆ. ಹೀಗೆಂದರೆ 300 ಲೀಟರಿನ, ನೋಡುವವರಿಗೆ ಭವ್ಯವಾಗಿ ತೋರುವ ತೊಟ್ಟಿಯಲ್ಲಿರುವ ಆಮ್ಲಜನಕವೆಲ್ಲ ಸೇರಿ ಸುಮಾರು 2 ಗ್ರಾಮು. ಸುಮ್ಮನೆ ಕುಳಿತಿರುವ ಮನುಷ್ಯನೊಬ್ಬನು ಆರೇಳು ನಿಮಿಷಗಳಲ್ಲಿ ಬಳಸುವಷ್ಟು. ಇಷ್ಟನ್ನೇ ಮೀನುಗಳೂ ಹವಳಗಳೂ ಕಲ್ಲಿನ ರಂಧ್ರಗಳಲ್ಲಿ ವಾಸಿಸಿ ಕೊಳೆಯನ್ನು ಕರಗಿಸುವ ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಹಂಚಿಕೊಳ್ಳಬೇಕು. ಹಗಲಿನಲ್ಲಿ ಹವಳದೊಳಗಿನ ಸೂಕ್ಷ್ಮ ಪಾಚಿ ಬೆಳಕಿನ ನೆರವಿನಿಂದ ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ಅದೂ ಬೇಡುವವರ ಸಾಲಿಗೆ ಸೇರುತ್ತದೆ. ಪಂಪು ನಡೆಯುತ್ತಿದ್ದರೆ ನೀರಿನ ಮೇಲ್ಮೈ ಕದಡುತ್ತಾ ಗಾಳಿಯಿಂದ ಎರವಲು ಪಡೆಯುತ್ತಲೇ ಇರುತ್ತದೆ. ಪಂಪು ನಿಂತರೆ ಎರವಲೂ ನಿಂತಂತೆಯೇ. ಮೀನುಗಳು ತುಂಬಿದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಅವು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಒಂದು ಸತ್ತರೆ ಅದರ ಕೊಳೆತ ಉಳಿದವುಗಳ ಆಮ್ಲಜನಕವನ್ನು ಇನ್ನಷ್ಟು ಕಸಿದುಕೊಳ್ಳುತ್ತದೆ.

ವಿದ್ಯುತ್ತು ಹೋಗುವುದು ನಮ್ಮ ಕಡೆ ಅಪರೂಪದ ಸಂಗತಿಯೇನಲ್ಲ. ಪುಣೆಯ ಪ್ರದೇಶದಲ್ಲಿ ಗುರುವಾರವೆಂದರೆ ತಂತಿಗಳ ದುರಸ್ತಿಯ ವಾರವೆಂಬುದು ಬಹುಕಾಲದ ರೂಢಿ. ಮೇ ತಿಂಗಳಿನಲ್ಲಿ ಮರಾಠಿಗರು ‘ವಳೀವ’ವೆಂದು ಕರೆಯುವ ಗುಡುಗುಮಳೆ ಬೇರೆ. ಇವುಗಳನ್ನು ಮೀರಿದ ದಿನಗಳೂ ಇವೆ. 2020ರ ಜೂನ್ 3ರಂದು ಅಲಿಬಾಗದ ಬಳಿ ದಡವನ್ನು ಮುಟ್ಟಿದ ‘ನಿಸರ್ಗ’ ಚಂಡಮಾರುತವು ಘಾಟಿಯನ್ನು ಹಾಯ್ದು ನಮ್ಮ ಮಾವಳ ತಾಲ್ಲೂಕಿನ ಮರಗಳನ್ನೂ ವಿದ್ಯುತ್ ಕಂಬಗಳನ್ನೂ ಉರುಳಿಸಿತು. ಕೊರೊನಾ ನಿರ್ಬಂಧಗಳ ಆ ಕಾಲದಲ್ಲಿ ‘ಬೇಕಾದಾಗ ಅಂಗಡಿಗೆ ಹೋಗಿ ತಂದರಾಯಿತು’ ಎಂಬ ಧೈರ್ಯಕ್ಕೂ ಅವಕಾಶವಿರಲಿಲ್ಲ. ವಿದ್ಯುತ್ತಿನ ವಿಷಯದಲ್ಲಿ ಹೆಮ್ಮೆಪಡುವ ಮುಂಬಯಿಯೂ ಅದೇ ವರ್ಷದ ಅಕ್ಟೋಬರ್ 12ರ ಬೆಳಿಗ್ಗೆ ಕತ್ತಲಾಗಿ, ಲೋಕಲ್ ರೈಲುಗಳು ನಿಂತಲ್ಲೇ ನಿಂತವು.

ಹಾಗಾದರೆ ಏನನ್ನು ಇಟ್ಟುಕೊಳ್ಳಬೇಕು? ಮೊದಲನೆಯದು, ಅಗ್ಗವಾದದ್ದು, ಬಹುಮಂದಿ ಅಗ್ಗವೆಂಬ ಕಾರಣಕ್ಕೇ ಅಲಕ್ಷಿಸುವಂಥದ್ದು: ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಪಂಪು. ಒಂದಲ್ಲ, ಎರಡು. ವಿದ್ಯುತ್ತು ಹೋದೊಡನೆ ತಾನಾಗಿ ಆರಂಭವಾಗುವ ಬಗೆಯವೂ ಸಿಗುತ್ತವೆ. ಗುಳ್ಳೆಗಳಿಂದ ಹವಳ ಬದುಕೀತೇ ಎಂದು ಸಂಶಯಪಡುವವರಿಗೆ ಇತಿಹಾಸದ ಒಂದು ಸಾಕ್ಷ್ಯವಿದೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬವರು 1960ರ ಸುಮಾರಿನಲ್ಲಿ ತಾಜಾ ಸಮುದ್ರಜಲ, ಜೀವಂತ ಕಲ್ಲು, ಸೂರ್ಯನ ಬೆಳಕು ಮತ್ತು ಗಾಳಿಯ ಗುಳ್ಳೆಗಳು, ಇಷ್ಟರಿಂದಲೇ ಹವಳಗಳನ್ನು ತೊಟ್ಟಿಯಲ್ಲಿ ಸಾಕಿ ತೋರಿಸಿದ್ದರು. ಒಂದು ರಾತ್ರಿಯನ್ನು ಕಳೆಯಲು ಗುಳ್ಳೆಗಳು ಧಾರಾಳವಾಗಿ ಸಾಕು. ಏನೂ ಇಲ್ಲದ ಮನೆಯಲ್ಲಿ ಚೊಂಬಿನಿಂದ ನೀರನ್ನೆತ್ತಿ ಮೇಲಿನಿಂದ ಸುರಿಯುತ್ತಿದ್ದರೂ ಅದೇ ಕಾರ್ಯ ನಡೆಯುತ್ತದೆ, ಕೈಸೋಲುವವರೆಗೆ.

ಎರಡನೆಯದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುವ ಇನ್ವರ್ಟರ್. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೆಸರಿಗೆ 1800 ವಾಟ್-ಗಂಟೆ ಶಕ್ತಿಯಿದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಂದುತ್ತದೆ. ಪರಿವರ್ತನೆಯಲ್ಲೂ ಸ್ವಲ್ಪ ನಷ್ಟವಾಗುತ್ತದೆ. ಕೈಗೆ ಬರುವುದು ಸುಮಾರು 700 ಎನ್ನೋಣ. ನೀರೆತ್ತುವ ಪಂಪಿಗೂ ಅಲೆಯ ಪಂಪಿಗೂ ಸೇರಿ 60 ವಾಟ್ ಬೇಕಾದರೆ ಹನ್ನೆರಡು ಗಂಟೆ ಸಾಗಿತು. ಆದರೆ 400 ವಾಟಿನ ನೀರು ತಂಪುಗೊಳಿಸುವ ಚಿಲ್ಲರನ್ನೂ ಅದೇ ಸಾಲಿಗೆ ಜೋಡಿಸಿದಿರೋ, ಎರಡು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಮೊದಲು ಚಲನೆ, ಆಮೇಲೆ ಉಷ್ಣತೆ, ಕಟ್ಟಕಡೆಗೆ ಬೆಳಕು. ಎರಡು ದಿನ ದೀಪವಿಲ್ಲದಿದ್ದರೆ ಹವಳಕ್ಕೆ ಮೋಡ ಕವಿದ ದಿನಗಳಂತಷ್ಟೇ. ಇನ್ನೊಂದು ಸೂಕ್ಷ್ಮ: ಹಳೆಯ ಮಾದರಿಯ ‘ಸ್ಕ್ವೇರ್ ವೇವ್’ ಇನ್ವರ್ಟರಿನಲ್ಲಿ ಅನೇಕ ಪಂಪುಗಳು ಗುಂಯ್‌ಗುಟ್ಟುತ್ತಾ ಬಿಸಿಯೇರುತ್ತವೆ; ‘ಸೈನ್ ವೇವ್’ ಎಂದು ಕೇಳಿ ಕೊಳ್ಳುವುದು ಲೇಸು.

ಈ ಇನ್ವರ್ಟರಿನ ವಿಷಯದಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ಊರಿನಿಂದ ಬಂದು ಮಗನ ಮನೆಯಲ್ಲಿರುವ ವೃದ್ಧ ತಂದೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ, ಅಥವಾ ಉಬ್ಬಸದ ಮಗುವಿಗೆ ನೆಬ್ಯುಲೈಜರ್ ಇದ್ದರೆ, ಅದೇ ಬ್ಯಾಟರಿಗೆ ತೊಟ್ಟಿಯನ್ನು ಕಟ್ಟಬಾರದು. ಮನೆಯಲ್ಲಿಡುವ ಕಾನ್ಸಂಟ್ರೇಟರುಗಳು 300 ವಾಟಿಗೂ ಮಿಕ್ಕಿ ಎಳೆಯುತ್ತವೆ. ಮೇಲೆ ಹೇಳಿದ ಬ್ಯಾಟರಿ ಅವಕ್ಕೆ ಎರಡು ಗಂಟೆಗೂ ಕಷ್ಟವೇ. ಅಲ್ಲಿ ತುಂಬಿದ ಸಿಲಿಂಡರೊಂದು ಪಕ್ಕದಲ್ಲಿರಬೇಕು, ಎಷ್ಟು ಹೊತ್ತಿಗೆ ಸಾಕಾಗುವುದೆಂದು ವೈದ್ಯರನ್ನು ಕೇಳಿ ತಿಳಿದಿರಬೇಕು. ತೊಟ್ಟಿಗೆ ಅದರದೇ ಆದ ಚಿಕ್ಕ ಬ್ಯಾಟರಿ ಬೇರೆ ಇರಲಿ. ಜನರೇಟರನ್ನು ಬಾಲ್ಕನಿಯಲ್ಲಿ ಅಥವಾ ಮೆಟ್ಟಿಲ ಬಳಿ ನಡೆಸುವವರುಂಟು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋಗಬಹುದು. ಮೀನನ್ನುಳಿಸಲು ಹೋಗಿ ಮನೆಯವರನ್ನು ಕಳೆದುಕೊಳ್ಳುವುದುಂಟೇ?

ಉಷ್ಣತೆಯ ವಿಷಯಕ್ಕೆ ಬರೋಣ. ಹವಳಗಳಿಗೆ 24ರಿಂದ 27 ಡಿಗ್ರಿಯವರೆಗಿನ ನೀರು ಹಿತ. ಏಪ್ರಿಲ್-ಮೇ ತಿಂಗಳುಗಳಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಚಿಕ್ಕ ಫ್ಯಾನು ಆವಿಯಾಗುವಿಕೆಯಿಂದಲೇ ಎರಡು ಮೂರು ಡಿಗ್ರಿ ಇಳಿಸುತ್ತದೆ. ನಮ್ಮ ಮಡಕೆಯ ನೀರಿನ ತತ್ತ್ವವೇ ಇದು. ಜುಲೈಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಪುಣ್ಯವಶಾತ್ ಆಗ ಅದರ ಅಗತ್ಯವೂ ಕಡಿಮೆ. ಫ್ರೀಜರಿನಲ್ಲಿ ಎರಡು ನೀರಿನ ಬಾಟಲಿಗಳನ್ನು ಸದಾ ಗಟ್ಟಿಯಾಗಿಟ್ಟಿದ್ದು, ಬೇಕಾದಾಗ ಮುಚ್ಚಳ ಸಮೇತ ತೇಲಿಬಿಡಬಹುದು. ಬರಿಯ ಮಂಜುಗಡ್ಡೆಯನ್ನು ಹಾಕಿದರೆ ಲವಣಾಂಶ ಕುಸಿಯುತ್ತದೆ. ಚಳಿಗಾಲದ ಹೀಟರಿನ ಕಥೆ ಬೇರೆ: ಅದು ಕೆಟ್ಟು ನಿಲ್ಲುವುದಕ್ಕಿಂತ, ಒಳಗಿನ ಸ್ವಿಚ್ಚು ಅಂಟಿಕೊಂಡು ನಿಲ್ಲದೇ ಹೋಗುವುದು ಭಯಂಕರ. 300 ವಾಟಿನ ಒಂದರ ಬದಲು 150ರ ಎರಡನ್ನಿಟ್ಟರೆ, ಒಂದು ಹಟ ಹಿಡಿದರೂ ನೀರು ಕುದಿಯುವ ಮಟ್ಟಕ್ಕೇರಲು ಕಾಲಾವಕಾಶ ಹಿಡಿಯುತ್ತದೆ. ಒಂದು ಸತ್ತರೆ ಇನ್ನೊಂದು ದುಡಿಯುತ್ತದೆ. ಇವೆರಡರ ಮೇಲೆ ಪ್ರತ್ಯೇಕ ನಿಯಂತ್ರಕವೊಂದಿದ್ದರೆ ಇನ್ನೂ ಉತ್ತಮ.

ವಿದ್ಯುತ್ತು ಹೋದಾಗ ಮೇಲಿನ ತೊಟ್ಟಿಯ ನೀರು ಕೊಳವೆಯ ಮೂಲಕ ಹಿಂದಕ್ಕೆ ಕೆಳಗಿನ ಸಂಪಿಗೆ ಇಳಿಯುತ್ತದೆ. ಅಷ್ಟು ನೀರಿಗೆ ಕೆಳಗೆ ಸ್ಥಳವಿದೆಯೇ ಎಂಬುದನ್ನು ಒಂದು ಭಾನುವಾರ ಬೆಳಿಗ್ಗೆ ಸ್ವಿಚ್ಚನ್ನು ತಾವೇ ಆರಿಸಿ ಪರೀಕ್ಷಿಸಬೇಕು. ನೆಲದ ಮೇಲೆ ಉಪ್ಪುನೀರು, ಅದರ ಪಕ್ಕದಲ್ಲಿ ಪ್ಲಗ್ಗಿನ ಹಲಗೆ: ಇದಕ್ಕಿಂತ ಕೆಟ್ಟ ಜೋಡಿಯಿಲ್ಲ. 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು ಈ ಮನೆಗಳಲ್ಲಿ ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಅದೇ ಭಾನುವಾರ ಬ್ಯಾಟರಿ ಎಷ್ಟು ಗಂಟೆ ನಡೆಯಿತೆಂಬುದನ್ನೂ ಗುರುತು ಹಾಕಿಕೊಳ್ಳಿರಿ. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ ಬ್ಯಾಟರಿಯ ಭರವಸೆ ಬಹಳ ದೊಡ್ಡದಲ್ಲ.

ಇಷ್ಟೆಲ್ಲ ಮಾಡಿಯೂ ಒಮ್ಮೊಮ್ಮೆ ತೊಟ್ಟಿ ಕೈಬಿಡುತ್ತದೆ. ಆಗಲೇ ಮನುಷ್ಯರಿಗೆ ಅಪಾಯ ಹೆಚ್ಚು. ಜೋಅಂಥಿಡ್ ಎಂಬ ಗುಂಡಿಯಾಕಾರದ ಜೀವಿಗಳ ಕೆಲವು ಜಾತಿಗಳಲ್ಲಿ ‘ಪಾಲಿಟಾಕ್ಸಿನ್’ ಎಂಬ ಘೋರ ವಿಷವಿದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದರು. ಸತ್ತ ಜೀವಿಗಳಿರುವ ಕಲ್ಲನ್ನು ಸ್ವಚ್ಛಗೊಳಿಸುವೆವೆಂದು ಕುದಿಯುವ ನೀರಿಗೆ ಹಾಕಿ, ಆ ಹಬೆಯಿಂದ ಇಡೀ ಕುಟುಂಬವೇ ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ನಡೆದಿವೆ. ಕಲ್ಲನ್ನು ಕುದಿಸಬಾರದು, ಒಣಗಿದ್ದನ್ನು ಕೆರೆಯಬಾರದು. ಮೀಸಲು ಪೆಟ್ಟಿಗೆಯಲ್ಲಿ ರಬ್ಬರಿನ ಕೈಚೀಲ, ಕಣ್ಣಿನ ಕನ್ನಡಕಗಳೂ ಇರಬೇಕು. ತೊಟ್ಟಿಯನ್ನು ಮುಟ್ಟಿದ ಮೇಲೆ ಜ್ವರ, ಕೆಮ್ಮು, ಏದುಸಿರು, ಬಾಯಲ್ಲಿ ಲೋಹದ ರುಚಿ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ, ಹವಳದ ತೊಟ್ಟಿಯ ವಿಷಯವನ್ನು ತಪ್ಪದೆ ಹೇಳಬೇಕು. ಹಾಗೆಯೇ ಕೈಯ ಗಾಯ ವಾರಗಟ್ಟಲೆ ಮಾಯದೆ ಗಂಟಾದರೆ, ಮೀನುತೊಟ್ಟಿಯಿಂದ ತಗಲುವ ಮೈಕೋಬ್ಯಾಕ್ಟೀರಿಯಂ ಮರೀನಮ್ ಸೋಂಕು ಇರಬಹುದು. ಕೇಳದೆ ಇದ್ದರೆ ವೈದ್ಯರಿಗೆ ಊಹಿಸಲು ದಾರಿಯಿಲ್ಲ.

ಸತ್ತ ಹವಳದ ಬದಲಿಗೆ ಊರಿನ ಕಡೆಯಿಂದ ಒಂದು ತುಂಡನ್ನು ತರೋಣವೆಂಬ ಆಲೋಚನೆ ಕರಾವಳಿಯವರಿಗೆ ಬಂದೀತು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ನಿಜ. ಆದರೆ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿ, ಸೇರಿವೆ. ಕೀಳುವುದೂ ಮಾರುವುದೂ ಅಪರಾಧ. ಕಾಗದಪತ್ರವಿಲ್ಲದೆ ‘ವಿದೇಶದ್ದು’ ಎಂದು ಮಾರುವವರನ್ನೂ ನಂಬಬೇಕಾಗಿಲ್ಲ. ಕೈಯಲ್ಲಿರುವುದನ್ನು ಉಳಿಸಿಕೊಳ್ಳುವ ಕರ್ತವ್ಯ ಇದರಿಂದ ಇನ್ನಷ್ಟು ಭಾರವಾಗುತ್ತದೆ.

ಕೊನೆಯದಾಗಿ, ಹೊರನಾಡಿನ ನಮಗೆ ವಿಶೇಷವಾಗಿ ಅನ್ವಯಿಸುವ ತೊಡಕು. ಬೇಸಿಗೆಯ ರಜೆಗೆ, ದಸರೆಗೆ, ಮದುವೆ ಮುಂಜಿಗಳಿಗೆ ನಾವು ಬೀಗ ಹಾಕಿ ಊರಿಗೆ ಹೊರಟುಬಿಡುತ್ತೇವೆ, ತೊಟ್ಟಿ ಹೊರಡುವುದಿಲ್ಲ. ಎರಡು ವಾರ ತಾನಾಗಿ ನಡೆಯಬಲ್ಲ ಯಂತ್ರವಿದೆಯೆಂದು ಅಂಗಡಿಯವರು ಹೇಳಿಯಾರು. ಆದರೆ ಉರುಳಿದ ಪ್ಲಗ್ಗನ್ನು ಮತ್ತೆ ಸಿಕ್ಕಿಸಲು ಮನುಷ್ಯನೇ ಬೇಕು. ಪಕ್ಕದ ಮನೆಯ ಮರಾಠಿ ಕುಟುಂಬಕ್ಕೆ ಕೀಲಿಕೈಯನ್ನು ಕೊಟ್ಟು, ಹೊರಡುವ ಮೊದಲು ಒಮ್ಮೆ ಅವರ ಕೈಯಿಂದಲೇ ಗಾಳಿಪಂಪನ್ನು ನಡೆಸಿ ನೋಡಿರಿ. ದಿನಕ್ಕೊಂದರಂತೆ ಆಹಾರದ ಪೊಟ್ಟಣಗಳನ್ನು ಮೊದಲೇ ಕಟ್ಟಿಡಿರಿ. ಪ್ರೀತಿಯ ನೆರೆಯವರು ಹೆಚ್ಚು ಹಾಕಿಯೇ ತೀರುತ್ತಾರೆ. ಮತ್ತು ತೊಟ್ಟಿಯ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆ: ಮೊದಲು ಯಾವ ಸ್ವಿಚ್ಚು, ಅನಂತರ ಯಾವುದು, ಯಾವುದನ್ನು ಮುಟ್ಟಬಾರದು, ಯಾರಿಗೆ ಫೋನು ಮಾಡಬೇಕು. ಅದನ್ನು ಕನ್ನಡದಲ್ಲಿ ಬರೆಯದೆ ಮರಾಠಿಯಲ್ಲಿ ಬರೆಯಿರಿ.