ಕಂಪ್ಯೂಟರಿನಲ್ಲಿ ಜಾಹೀರಾತು ಕಳೆ ಮತ್ತು ಅದರ ಹತೋಟಿ

ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರದ ಸುತ್ತಮುತ್ತ ಕಂಪ್ಯೂಟರು ಈಗ ಕಚೇರಿಯವರ ಸೊತ್ತಾಗಿ ಉಳಿದಿಲ್ಲ. ಮಗ್ಗದ ಮನೆಯಲ್ಲಿ ನೂಲಿನ ಲೆಕ್ಕಕ್ಕೆ, ಸೀರೆಯ ಬಿಲ್ಲಿಗೆ ಅದು ಬೇಕು. ಕಬ್ಬು ಬೆಳೆಯುವವರ ಮನೆಯಲ್ಲಿ ಮಕ್ಕಳ ಓದಿಗೆ, ಉತಾರ ನೋಡಲು, ಫ್ರೂಟ್ಸ್ ನೋಂದಣಿಯ ವಿವರ ತೆಗೆಯಲು, ಬ್ಯಾಂಕಿನ ಖಾತೆ ತಿಳಿಯಲು ಬೇಕು. 2000ನೇ ಇಸವಿಯ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ರೈತನು ತಾಲ್ಲೂಕು ಕಚೇರಿಯ ಕಿಟಕಿಯ ಹೊರಗೆ ನಿಲ್ಲಬೇಕಾಗಿತ್ತು. ಈಗ ಅದೇ ಪಹಣಿಯನ್ನು ಮನೆಯಲ್ಲಿಯೇ ಕುಳಿತು ನೋಡಬಹುದಾಗಿದೆ.

ಆದರೆ ಹೀಗೆ ಹಣ ಕೂಡಿಸಿ ಕೊಂಡ ಯಂತ್ರವು ವರ್ಷ ತುಂಬುವುದರೊಳಗೆ ಮಂದವಾಗುವುದನ್ನು ಹಲವರು ಅನುಭವಿಸಿದ್ದಾರೆ. ಬ್ರೌಸರ್ ತೆರೆದರೆ ತಾವು ಇಟ್ಟುಕೊಂಡಿದ್ದ ಮುಖಪುಟದ ಬದಲು ಯಾವುದೋ ಅಪರಿಚಿತ ಹುಡುಕುತಾಣ ಬರುತ್ತದೆ. ಪರದೆಯ ಬಲಮೂಲೆಯಲ್ಲಿ ಸಾಲದ, ಜೂಜಿನ, ತೂಕ ಇಳಿಸುವ ಔಷಧದ ಜಾಹೀರಾತುಗಳು ಒಂದರ ಮೇಲೊಂದು ಏಳುತ್ತವೆ. ಓದುವ ಮಕ್ಕಳ ಕಣ್ಣಿಗೆ ಬೀಳಬಾರದ ಚಿತ್ರಗಳೂ ಬರುತ್ತವೆ. ದುರಸ್ತಿಗೆ ಒಯ್ದರೆ "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು" ಎಂಬ ಒಂದೇ ಉತ್ತರ ದೊರೆಯುವುದುಂಟು. ಫಾರ್ಮ್ಯಾಟ್ ಮಾಡಿದಾಗ ಜಾಹೀರಾತಿನೊಡನೆ ಮೂರು ವರ್ಷದ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಖರೀದಿ ಪತ್ರ, ಮಕ್ಕಳ ಫೋಟೋ ಎಲ್ಲವೂ ಹೋಗುತ್ತವೆ. ಕಸ ಹೆಚ್ಚಾಯಿತೆಂದು ಹೊಲದ ಮೇಲ್ಮಣ್ಣನ್ನೇ ಕೆತ್ತಿ ಹಾಕಿದಂತೆ ಇದು. ಬಹುತೇಕ ಸಂದರ್ಭಗಳಲ್ಲಿ ಇದರ ಅವಶ್ಯಕತೆ ಇಲ್ಲ. ಓದು ಬಲ್ಲ ರೈತನು ಒಂದೆರಡು ಗಂಟೆ ಕುಳಿತು ತಾನೇ ಈ ಕಳೆಯನ್ನು ಕೀಳಬಹುದು.

ಕಳೆ ಹೇಗೆ ಬರುತ್ತದೆ?

ಜಾಹೀರಾತು ತೋರಿಸಿ ಹಣ ಗಳಿಸುವುದಕ್ಕೆಂದೇ ತಯಾರಿಸಿದ ಪ್ರೋಗ್ರಾಂಗಳಿಗೆ ಆಡ್‌ವೇರ್ ಎನ್ನುತ್ತಾರೆ. ವೈರಸ್ಸಿಗೂ ಇದಕ್ಕೂ ವ್ಯತ್ಯಾಸವಿದೆ. ವೈರಸ್ ತಾನಾಗಿಯೇ ಒಂದು ಕಡತದಿಂದ ಇನ್ನೊಂದಕ್ಕೆ ಹರಡುತ್ತದೆ. ಆಡ್‌ವೇರ್ ಸಾಮಾನ್ಯವಾಗಿ ನಮ್ಮ ಕೈಯಿಂದಲೇ ಒಳಗೆ ಬರುತ್ತದೆ. ಲೂಸರ್ನ್ ಬೀಜದೊಡನೆ ಕಸ್ಕೂಟದ ಬೀಜ ಬರುವುದು ನಮ್ಮ ರೈತರಿಗೆ ಗೊತ್ತಿದೆ. 1950ರ ದಶಕದಲ್ಲಿ ಪುಣೆಯ ಕಡೆ ಕಂಡುಬಂದ ಕಾಂಗ್ರೆಸ್ ಕಸವು ಅಮೆರಿಕದ ಗೋಧಿಯೊಡನೆ ಬಂದಿತೆಂದು ಹೇಳುತ್ತಾರೆ. ಇಲ್ಲಿಯೂ ಹಾಗೆಯೇ. ಉಪಯುಕ್ತವಾದ ಒಂದು ಉಚಿತ ಪ್ರೋಗ್ರಾಮಿನ ಜೊತೆ ಬೇಡದ ಎರಡು ಮೂರು ಪ್ರೋಗ್ರಾಂಗಳನ್ನು ಕಟ್ಟಿ ಕೊಡುತ್ತಾರೆ. ಸ್ಥಾಪಿಸುವಾಗ ಬರುವ ಪುಟಗಳಲ್ಲಿ ಅದಕ್ಕೆ ಒಪ್ಪಿಗೆಯ ಗುರುತು ಮೊದಲೇ ಹಾಕಿರುತ್ತದೆ. ನಾವು ಓದದೆ 'ನೆಕ್ಸ್ಟ್', 'ನೆಕ್ಸ್ಟ್' ಎಂದು ಒತ್ತುತ್ತ ಹೋಗುತ್ತೇವೆ.

ಹೀಗೆ ಕಟ್ಟಿ ಕೊಡುವವನಿಗೆ ಪ್ರತಿ ಕಂಪ್ಯೂಟರಿಗೆ ಇಷ್ಟು ಎಂದು ಹಣ ಸಲ್ಲುತ್ತದೆ. ಆಮೇಲೆ ಒಂದೊಂದು ಜಾಹೀರಾತು ಕಂಡಾಗ, ಒಂದೊಂದು ಹುಡುಕಾಟ ನಡೆದಾಗ ಇನ್ನೊಬ್ಬನಿಗೆ ಪೈಸೆಗಳು ಸೇರುತ್ತವೆ. ಒಂದು ಯಂತ್ರದಿಂದ ಬರುವುದು ಅಲ್ಪ. ಕೋಟಿ ಯಂತ್ರಗಳಿಂದ ಬರುವುದು ಅಲ್ಪವಲ್ಲ. 2017ರಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯು 'ಫೈರ್‌ಬಾಲ್' ಎಂಬ ಇಂಥ ಪ್ರೋಗ್ರಾಂ ಜಗತ್ತಿನ 25 ಕೋಟಿ ಕಂಪ್ಯೂಟರುಗಳಲ್ಲಿ ಇದೆಯೆಂದೂ, ಅವುಗಳಲ್ಲಿ ಅತಿ ಹೆಚ್ಚು, ಅಂದರೆ ಸುಮಾರು 2.5 ಕೋಟಿ, ಭಾರತದಲ್ಲಿವೆಯೆಂದೂ ಅಂದಾಜು ಮಾಡಿತು. ಈ ಅಂದಾಜು ಅತಿಯಾಯಿತೆಂದು ಮೈಕ್ರೋಸಾಫ್ಟ್ ಹೇಳಿತು. ಅದು ಬೇರೆ ಉಚಿತ ಪ್ರೋಗ್ರಾಂಗಳ ಜೊತೆ ಬಂದು ಮುಖಪುಟವನ್ನು ಬದಲಿಸುತ್ತಿತ್ತು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ.

ಹೊಸ ಯಂತ್ರವಾದರೂ ಶುದ್ಧವೆಂದು ನಂಬುವಂತಿಲ್ಲ. 2014ರ ಕೊನೆಯ ಭಾಗದಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪುಗಳು 'ಸೂಪರ್‌ಫಿಶ್' ಎಂಬ ಜಾಹೀರಾತು ಪ್ರೋಗ್ರಾಮಿನೊಡನೆ ಕಾರ್ಖಾನೆಯಿಂದಲೇ ಹೊರಬಂದವು. ಬ್ಯಾಂಕಿನಂಥ ಸುರಕ್ಷಿತ ತಾಣಗಳ ಬೀಗವನ್ನೂ ಅದು ಸಡಿಲಿಸುತ್ತದೆಂದು 2015ರ ಫೆಬ್ರುವರಿಯಲ್ಲಿ ಬಯಲಾಗಿ, ಕಂಪನಿಯು ಅದನ್ನು ತೆಗೆಯಬೇಕಾಯಿತು.

ನಮ್ಮ ಕಡೆ ಈ ಕಳೆ ಬರುವ ದೊಡ್ಡ ದಾರಿಗಳಲ್ಲೊಂದು ಕನ್ನಡ ಬರೆಯುವ ತಂತ್ರಾಂಶದ ಹುಡುಕಾಟ. 'ನುಡಿ' ಕನ್ನಡ ಗಣಕ ಪರಿಷತ್ತು ತಯಾರಿಸಿದ್ದು. 'ಬರಹ' ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದದ್ದು. ಇವೆರಡೂ ಒಳ್ಳೆಯ ಬೀಜಗಳೇ. ಆದರೆ ಹೆಸರು ಹೊಡೆದು ಹುಡುಕಿದಾಗ ತಯಾರಿಸಿದವರ ತಾಣಕ್ಕಿಂತ ಮೊದಲು ಯಾರ್‍ಯಾರದೋ ತಾಣಗಳು ಸಾಲಾಗಿ ಬರುತ್ತವೆ. ಅಲ್ಲಿ 'ಡೌನ್‌ಲೋಡ್' ಎಂಬ ದೊಡ್ಡ ಹಸಿರು ಗುಂಡಿಗಳು ನಾಲ್ಕೈದು ಇರುತ್ತವೆ. ಅವುಗಳಲ್ಲಿ ಹಲವು ಜಾಹೀರಾತುಗಳೇ. ನಿಜವಾದದ್ದು ಸಣ್ಣ ಅಕ್ಷರದಲ್ಲಿ ಎಲ್ಲೋ ಕೆಳಗೆ ಇರುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಯೂನಿಕೋಡ್ ಕನ್ನಡ ಬರೆಯಲು ಬೇರೆ ತಂತ್ರಾಂಶವೇ ಬೇಕಿಲ್ಲ. ವಿಂಡೋಸಿನ 'ಸೆಟ್ಟಿಂಗ್ಸ್'ನಲ್ಲಿ 'ಟೈಮ್ ಅಂಡ್ ಲಾಂಗ್ವೇಜ್'ಗೆ ಹೋಗಿ ಕನ್ನಡವನ್ನು ಸೇರಿಸಿಕೊಂಡರೆ ಕೀಲಿಮಣೆ ಸಿದ್ಧ. ಹಳೆಯ ನುಡಿ ಅಕ್ಷರದಲ್ಲಿಯೇ ಕಡತ ಬೇಕೆನ್ನುವ ಕಚೇರಿಗಳಿಗಾಗಿ ಮಾತ್ರ ಆ ತಂತ್ರಾಂಶ ಬೇಕಾಗುತ್ತದೆ.

ಎರಡನೆಯ ದಾರಿ, ದುಡ್ಡು ಕೊಡದೆ ಪಡೆದ ಕಳ್ಳ ಪ್ರತಿಗಳದು. 'ಕ್ರ್ಯಾಕ್' ಎಂಬ ಕಡತವು ಮೊದಲು ಆಂಟಿವೈರಸ್ಸನ್ನು ನಿಲ್ಲಿಸಲು ಹೇಳುತ್ತದೆ. ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆಯಿರಿ ಎಂದಂತೆ. ಪತ್ರ ಮತ್ತು ಲೆಕ್ಕದ ಕೆಲಸಕ್ಕೆ ಲಿಬ್ರೆ ಆಫೀಸ್ ಎಂಬ ತಂತ್ರಾಂಶ ನ್ಯಾಯವಾಗಿಯೇ ಉಚಿತವಾಗಿ ದೊರೆಯುವಾಗ ಈ ಅಪಾಯ ಏಕೆ ಎಂಬುದು ನನ್ನ ಪ್ರಶ್ನೆ.

ಮೂಲೆಯಲ್ಲಿ ಏಳುವ ಜಾಹೀರಾತು

ಈಚಿನ ವರ್ಷಗಳಲ್ಲಿ ಜನ ವೈರಸ್ ಎಂದು ತರುವ ದೂರುಗಳಲ್ಲಿ ಬಹುಪಾಲು ಪ್ರೋಗ್ರಾಂ ಕೂಡ ಅಲ್ಲ. ನಾವೇ ಕೊಟ್ಟ ಒಂದು ಅನುಮತಿ. ಯಾವುದೋ ತಾಣ ತೆರೆದಾಗ "ನೀವು ಯಂತ್ರವಲ್ಲ ಎಂದು ತೋರಿಸಲು 'ಅಲೋ' ಒತ್ತಿರಿ" ಎಂದು ಕೇಳುತ್ತದೆ. ಒತ್ತಿದರೆ ಸೂಚನೆಗಳನ್ನು ಕಳಿಸಲು ಆ ತಾಣಕ್ಕೆ ಪರವಾನಗಿ ಕೊಟ್ಟಂತಾಯಿತು. ಅಂದಿನಿಂದ ಆ ತಾಣವನ್ನು ತೆರೆಯದಿದ್ದರೂ ಮೂಲೆಯಲ್ಲಿ ಜಾಹೀರಾತುಗಳು ಏಳುತ್ತಲೇ ಇರುತ್ತವೆ. ಆಂಟಿವೈರಸ್ಸಿಗೆ ಇದು ಸಿಗದಿರಬಹುದು, ಏಕೆಂದರೆ ಅಲ್ಲಿ ಹಿಡಿಯಲು ಕಡತವೇ ಇಲ್ಲ.

ಇದನ್ನು ಕೀಳುವುದು ಐದು ನಿಮಿಷದ ಕೆಲಸ. ಕ್ರೋಮ್ ಬ್ರೌಸರಿನಲ್ಲಿ ಬಲಮೇಲಿನ ಮೂರು ಚುಕ್ಕೆ ಒತ್ತಿ 'ಸೆಟ್ಟಿಂಗ್ಸ್', ಅಲ್ಲಿಂದ 'ಪ್ರೈವಸಿ ಅಂಡ್ ಸೆಕ್ಯೂರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಶನ್ಸ್'ಗೆ ಹೋಗಬೇಕು. ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಪರಿಚಯವಿಲ್ಲದ ಒಂದೊಂದರ ಮುಂದೆಯೂ 'ಬ್ಲಾಕ್' ಎಂದು ಒತ್ತಬೇಕು. ಇನ್ನು ಮುಂದೆ ಯಾವ ತಾಣವೂ ಕೇಳದಂತೆ ಅದೇ ಪುಟದಲ್ಲಿ ಗೊತ್ತುಪಡಿಸಬಹುದು. ಎಡ್ಜ್ ಬ್ರೌಸರಿನಲ್ಲಿಯೂ ಇಂಥದೇ ಪಟ್ಟಿ ಇದೆ. ಕೀಳುವ ಕೆಲಸವನ್ನು ಇಲ್ಲಿಂದಲೇ ಪ್ರಾರಂಭಿಸುವುದು ಉತ್ತಮ. ಹಲವರಿಗೆ ಇಲ್ಲಿಗೇ ಮುಗಿಯುತ್ತದೆ.

ಬೇರು ಸಹಿತ ಕೀಳುವ ವಿಧಾನ

ಅಷ್ಟಕ್ಕೂ ಹೋಗದಿದ್ದರೆ ಮುಂದುವರಿಯಬೇಕು. ಮೊದಲು ಮುಖ್ಯವಾದ ಪತ್ರ, ಲೆಕ್ಕ, ಫೋಟೋಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಪ್ರೋಗ್ರಾಂಗಳನ್ನು ನಕಲು ಮಾಡಬಾರದು; ಅವುಗಳೊಡನೆ ಕಳೆಯ ಬೀಜವೂ ಬರುತ್ತದೆ. ತೊಂದರೆ ಯಾವ ದಿನದಿಂದ ಶುರುವಾಯಿತೆಂದು ಮನೆಯವರನ್ನೆಲ್ಲ ಕೇಳಿ ನೆನಪು ಮಾಡಿಕೊಳ್ಳಬೇಕು. ಈ ದಿನಾಂಕ ಬಹಳ ಉಪಯೋಗಕ್ಕೆ ಬರುತ್ತದೆ.

ವಿಂಡೋಸ್ 11ರಲ್ಲಿ 'ಸೆಟ್ಟಿಂಗ್ಸ್', 'ಆ್ಯಪ್ಸ್', 'ಇನ್‌ಸ್ಟಾಲ್ಡ್ ಆ್ಯಪ್ಸ್' ತೆರೆದು ಪಟ್ಟಿಯನ್ನು ಸ್ಥಾಪಿಸಿದ ದಿನಾಂಕದ ಪ್ರಕಾರ ಜೋಡಿಸಬೇಕು. ತೊಂದರೆ ಶುರುವಾದ ದಿನ ಅಥವಾ ಅದರ ಹಿಂದಿನ ದಿನ ಒಟ್ಟೊಟ್ಟಿಗೆ ಬಂದ ಮೂರು ನಾಲ್ಕು ಹೆಸರುಗಳು ಅಲ್ಲಿ ಎದ್ದು ಕಾಣುತ್ತವೆ. 'ಕೂಪನ್', 'ಸರ್ಚ್', 'ಟೂಲ್‌ಬಾರ್', 'ಪಿಸಿ ವೇಗ ಹೆಚ್ಚಿಸುವುದು' ಎಂಬಂಥ ಹೆಸರುಗಳನ್ನು ಮೊದಲು ಸಂಶಯಿಸಬೇಕು. ಆದರೆ ಹೆಸರು ತಿಳಿಯದೆಂದು ಎಲ್ಲವನ್ನೂ ಕಿತ್ತು ಹಾಕಬಾರದು. ಮೈಕ್ರೋಸಾಫ್ಟ್, ಇಂಟೆಲ್, ರಿಯಲ್‌ಟೆಕ್, ಪ್ರಿಂಟರ್ ಕಂಪನಿ ಇವುಗಳವು ಪೈರು, ಕಳೆಯಲ್ಲ. ತೆಗೆಯುವಾಗ "ನಿಜವಾಗಿಯೂ ನಮ್ಮನ್ನು ಬಿಡುತ್ತೀರಾ?" ಎಂದು ಅಳುವ ಪುಟಗಳೂ, ಉಳಿಸಿಕೊಳ್ಳುವ ಗುಂಡಿಯನ್ನೇ ದೊಡ್ಡದಾಗಿ ತೋರಿಸುವ ಪುಟಗಳೂ ಬರುತ್ತವೆ. ಪ್ರತಿ ಪುಟವನ್ನೂ ಓದಿಯೇ ಒತ್ತಬೇಕು.

ಅನಂತರ ಬ್ರೌಸರಿನ 'ಎಕ್ಸ್‌ಟೆನ್ಶನ್ಸ್' ಪಟ್ಟಿ ತೆರೆದು, ತಾವು ಬೇಕೆಂದು ಸೇರಿಸದ ಎಲ್ಲವನ್ನೂ ತೆಗೆಯಬೇಕು. ಇಲ್ಲಿ ಕೈ ಬಿಗಿ ಹಿಡಿಯುವ ಕಾರಣವಿಲ್ಲ; ಎಕ್ಸ್‌ಟೆನ್ಶನ್ ಇಲ್ಲದೆಯೂ ಬ್ರೌಸರ್ ಚೆನ್ನಾಗಿಯೇ ನಡೆಯುತ್ತದೆ. ಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ, ಯಾವುದೋ ಪ್ರೋಗ್ರಾಂ ತನ್ನನ್ನು ಕೀಳದಂತೆ ಬೀಗ ಹಾಕಿಕೊಂಡಿರಬಹುದು. ಕೆಲವು ಆಂಟಿವೈರಸ್‌ಗಳಿಂದಲೂ ಈ ಸಾಲು ಬರುತ್ತದೆ. ಹುಡುಕುತಾಣ ಮತ್ತು ಮುಖಪುಟಗಳನ್ನು ಸರಿಪಡಿಸಿ, ಸರಿಹೋಗದಿದ್ದರೆ 'ರೀಸೆಟ್ ಸೆಟ್ಟಿಂಗ್ಸ್' ಒತ್ತಬಹುದು. ಇದರಿಂದ ಉಳಿಸಿಟ್ಟ ಪುಟಗುರುತುಗಳೂ ಪಾಸ್‌ವರ್ಡುಗಳೂ ಹೋಗುವುದಿಲ್ಲ.

ಜೇಕನ್ನು ಮೇಲೆ ಕಿತ್ತರೆ ಗಡ್ಡೆ ನೆಲದಲ್ಲಿ ಉಳಿದು ಮತ್ತೆ ಚಿಗುರುವಂತೆ, ಇಲ್ಲಿಯೂ ಗಡ್ಡೆಗಳಿವೆ. ಒಂದು, ಪರದೆಯ ಮೇಲಿನ ಬ್ರೌಸರ್ ಚಿಹ್ನೆ. ಅದರ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದು 'ಟಾರ್ಗೆಟ್' ಸಾಲನ್ನು ನೋಡಬೇಕು. ಪ್ರೋಗ್ರಾಮಿನ ಹೆಸರಾದ ಮೇಲೆ ಯಾವುದೋ ತಾಣದ ವಿಳಾಸ ಅಂಟಿಸಿದ್ದರೆ ಅಷ್ಟನ್ನು ಅಳಿಸಬೇಕು. ಇನ್ನೊಂದು, ಗೂಗಲ್ ಖಾತೆಯ ಮೂಲಕ ನಡೆಯುವ 'ಸಿಂಕ್'. ಮನೆಯ ಕಂಪ್ಯೂಟರಿನಲ್ಲಿ ಕಿತ್ತ ಎಕ್ಸ್‌ಟೆನ್ಶನ್, ಅದೇ ಖಾತೆ ತೆರೆದಿರುವ ಇನ್ನೊಂದು ಯಂತ್ರದಿಂದ ತಿರುಗಿ ಬರಬಹುದು. ಬದುವಿನ ಮೇಲಿನ ಕಸ ಬಿಟ್ಟು ಹೊಲ ಮಾತ್ರ ಸ್ವಚ್ಛ ಮಾಡಿದರೆ ಆಗುವುದು ಇದೇ. ಎರಡೂ ಕಡೆ ಒಂದೇ ದಿನ ಕೀಳಬೇಕು.

ಕೈಕಳೆ ಮುಗಿದ ಮೇಲೆ ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್‌ನಿಂದ 'ಫುಲ್ ಸ್ಕ್ಯಾನ್' ಮಾಡಿಸಬೇಕು. ಜಾಹೀರಾತು ಕಳೆಗೆಂದೇ ಇರುವ ಉಚಿತ ಸಾಧನ ಆಡ್‌ವ್‌ಕ್ಲೀನರ್. 2016ರಿಂದ ಅದು ಮಾಲ್‌ವೇರ್‌ಬೈಟ್ಸ್ ಕಂಪನಿಯದು. ಅದನ್ನು ಆ ಕಂಪನಿಯ ತಾಣದಿಂದ ಮಾತ್ರ ಪಡೆಯಬೇಕು. ಕೇಂದ್ರ ಸರ್ಕಾರವು 2017ರ ಫೆಬ್ರುವರಿಯಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಶುದ್ಧೀಕರಣ ಸಾಧನಗಳಿವೆ. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್‌ಗಳನ್ನು ಯಾವಾಗಲೂ ನಡೆಸುತ್ತಿರಬಾರದು. ಒಂದಕ್ಕೊಂದು ತಡೆಯಾಗಿ ಯಂತ್ರ ಇನ್ನೂ ಮಂದವಾಗುತ್ತದೆ.

ಪರದೆಯ ಮೇಲಿನ ದೂರವಾಣಿ ಸಂಖ್ಯೆ

ಜಾಹೀರಾತು ಕೇವಲ ಕಿರಿಕಿರಿಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕೆಲವು ಜಾಹೀರಾತುಗಳು ಪರದೆಯನ್ನೆಲ್ಲ ಆವರಿಸಿ, ಗಂಟೆ ಬಾರಿಸಿ, "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಯಂತ್ರ ನಿಲ್ಲಿಸಬೇಡಿ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ" ಎಂದು ಹೆದರಿಸುತ್ತವೆ. ಕರೆಮಾಡಿದರೆ ಆ ಕಡೆಯವನು ನಯವಾಗಿ ಮಾತನಾಡಿ, ದೂರದಿಂದ ಯಂತ್ರ ನಡೆಸುವ ಒಂದು ಪ್ರೋಗ್ರಾಂ ಹಾಕಿಸಿ, ಬ್ಯಾಂಕಿನ ಪುಟ ತೆರೆಸುತ್ತಾನೆ. ಕಬ್ಬಿನ ಬಿಲ್ಲು ಜಮೆಯಾದ ವಾರದಲ್ಲಿ ಇದು ನಡೆದರೆ ವರ್ಷದ ದುಡಿಮೆಯೇ ಹೋದಂತೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಇಂಥ ಪುಟ ಬಂದಾಗ 'ಎಸ್ಕೇಪ್' ಕೀಲಿಯನ್ನು ಒತ್ತಿ ಹಿಡಿದು, ಆಮೇಲೆ 'ಆಲ್ಟ್' ಮತ್ತು 'ಎಫ್ 4' ಕೂಡಿಸಿ ಒತ್ತಿ ಮುಚ್ಚಬೇಕು. ಮುಚ್ಚದಿದ್ದರೆ ಯಂತ್ರವನ್ನೇ ಆರಿಸಿದರೂ ಚಿಂತೆಯಿಲ್ಲ. ಈಗಾಗಲೇ ಹಣ ಹೋಗಿದ್ದರೆ ಅಂತರಜಾಲದ ಸಂಪರ್ಕ ಕಡಿದು, ಬ್ಯಾಂಕಿಗೂ 1930 ಸಂಖ್ಯೆಗೂ ತಡಮಾಡದೆ ತಿಳಿಸಬೇಕು. ಹಣ ಕೈ ಬದಲಾಗುವ ಮೊದಲೇ ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿ ಹೆಚ್ಚು.

ಮುಂಜಾಗ್ರತೆ

ಪ್ರೋಗ್ರಾಮನ್ನು ತಯಾರಿಸಿದವರ ತಾಣದಿಂದ ಅಥವಾ ಮೈಕ್ರೋಸಾಫ್ಟ್ ಸ್ಟೋರಿನಿಂದ ಪಡೆಯಬೇಕು. ಸ್ಥಾಪಿಸುವಾಗ 'ಎಕ್ಸ್‌ಪ್ರೆಸ್' ಬಿಟ್ಟು 'ಕಸ್ಟಮ್' ಎಂಬುದನ್ನು ಆರಿಸಿ, ಬೇಡದ ಗುರುತುಗಳನ್ನು ತೆಗೆಯಬೇಕು. 'ವಿಂಡೋಸ್ ಸೆಕ್ಯೂರಿಟಿ'ಯಲ್ಲಿ 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್', ಅದರೊಳಗೆ 'ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್' ತೆರೆದರೆ ಬೇಡದ ಪ್ರೋಗ್ರಾಂಗಳನ್ನು ತಡೆಯುವ ಒಂದು ಗುಂಡಿ ಇದೆ. 2020ರ ಪರಿಷ್ಕರಣೆಯಿಂದ ಇದು ಎಲ್ಲರಿಗೂ ದೊರೆತಿದೆ, ಆದರೆ ಎಷ್ಟೋ ಯಂತ್ರಗಳಲ್ಲಿ ಆರಿರುತ್ತದೆ. ಅದನ್ನು ಹೊತ್ತಿಸಿಡಬೇಕು.

ನನ್ನ ದೃಷ್ಟಿಯಲ್ಲಿ ಅತ್ಯಂತ ಫಲಕಾರಿಯಾದ, ಆದರೆ ಯಾರೂ ಮಾಡದ ಕ್ರಮವೆಂದರೆ ಮನೆಯವರ ನಿತ್ಯದ ಬಳಕೆಗೆ 'ಸ್ಟ್ಯಾಂಡರ್ಡ್' ಖಾತೆ ಕೊಡುವುದು. ಅಡ್ಮಿನ್ ಪಾಸ್‌ವರ್ಡ್ ಮನೆಯ ಒಬ್ಬರಲ್ಲಿ ಮಾತ್ರ ಇರಬೇಕು. ಆಗ ಮಕ್ಕಳು ಆಟದ ಪ್ರೋಗ್ರಾಂ ಎಂದು ಒತ್ತಿದರೂ ಯಂತ್ರವು ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಬೀಜ ಬಿತ್ತುವ ಮುನ್ನ ಮನೆಯ ಹಿರಿಯರು ಒಮ್ಮೆ ಮುಷ್ಟಿಯಲ್ಲಿ ಹಿಡಿದು ನೋಡುತ್ತಾರಲ್ಲ, ಅಷ್ಟೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 7ಕ್ಕೆ 2020ರಲ್ಲಿಯೇ ಮುಗಿದಿತ್ತು. ಹಳೆಯ ಯಂತ್ರವನ್ನೇ ಮುಂದುವರಿಸುವವರು ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡದಿರುವುದು ಲೇಸು.

ಕಳೆ ಕಿತ್ತ ಮೇಲೆ ಯಂತ್ರವನ್ನು ಆರಿಸಿ ಹೊತ್ತಿಸಿ, ಒಂದು ವಾರ ಗಮನಿಸಬೇಕು. ಮತ್ತೆ ಚಿಗುರಿದರೆ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ನಡೆಸಬೇಕು; ಯಂತ್ರ ತಾನೇ ಮರುಪ್ರಾರಂಭವಾಗಿ ಸುಮಾರು 15 ನಿಮಿಷದಲ್ಲಿ ಮುಗಿಸುತ್ತದೆ. ಅದಕ್ಕೂ ಬಗ್ಗದಿದ್ದಾಗ ಮಾತ್ರ, ಕಡತಗಳ ನಕಲು ಪೆನ್‌ಡ್ರೈವಿನಲ್ಲಿ ಸರಿಯಾಗಿ ತೆರೆಯುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿಕೊಂಡು, ಫಾರ್ಮ್ಯಾಟಿಗೆ ಕೊಡಬಹುದು.