ಕಾಲುವೆಯ ಕಿರುಜೀವಿಗಳು

ಯಲಹಂಕದ ನೆರೆಯ ಕೋಗಿಲು ಕೆರೆಯ ದಡದಲ್ಲಿ ಏರೋಪ್ಲೇನ್ ಚಿಟ್ಟೆ ಕಂಡರೆ ಮಕ್ಕಳು ಕೈ ಚಾಚುವುದುಂಟು. ಅದರ ಬಾಲ್ಯವೆಲ್ಲ ನೀರಿನೊಳಗೆ ಕಳೆದುದೆಂಬುದು ಎಷ್ಟು ಮಂದಿಗೆ ಗೊತ್ತು? ರೆಕ್ಕೆ ಮೂಡುವ ಮುನ್ನ ಅದು ತಳದಲ್ಲಿ ಅಡಗಿ, ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ. ಇದಕ್ಕಿಂತ ಉಪಕಾರಿಯಾದ ನೆರೆಯವರುಂಟೆ?

ಇಂಥ ನೀರಿನ ಜೀವಿಗಳಿಗೆ ಆಮ್ಲಮಳೆ ಒಬ್ಬ ಶತ್ರು. ಕಲ್ಲಿದ್ದಲಿನ ಹೊಗೆ ಮಳೆಯೊಡನೆ ಬೆರೆತು ನಾರ್ವೆ, ಸ್ವೀಡನ್ ದೇಶಗಳ ತೊರೆಗಳನ್ನು ಹುಳಿಯಾಗಿಸಿದಾಗ, ಬಸವನಹುಳುವಿಗೆ ಚಿಪ್ಪು ಕಟ್ಟಲು ಸುಣ್ಣದ ಅಂಶವೇ ಸಾಲದಾಯಿತು.

ನಮ್ಮಲ್ಲಾದರೋ ಕೇಡು ಆಕಾಶಕ್ಕಿಂತ ನೆಲದಿಂದಲೇ ಹೆಚ್ಚು. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳಿಗೆ ಬಡಾವಣೆಗಳ ಬಚ್ಚಲು ನೀರು ಸೇರಿತು. ಕಾಂಕ್ರೀಟು ಗೋಡೆಗಳೆದ್ದು, ಮರಿಗಳು ಅಡಗುವ ಕಲ್ಲು, ಹುಲ್ಲು, ಬೇರುಗಳು ಇಲ್ಲವಾದವು. ಕೊಳಕಿನಿಂದ ನೀರಿನ ಪ್ರಾಣವಾಯು ತೀರಿದರೆ ಕೆಂಪು ಹುಳುಗಳಂಥವು ಮಾತ್ರ ಉಳಿಯುತ್ತವೆ. ನಮ್ಮ ನೆತ್ತರಿನಂತೆಯೇ ಪ್ರಾಣವಾಯುವನ್ನು ಹಿಡಿದಿಡುವ ಕೆಂಪು ದ್ರವ್ಯ ಅವಕ್ಕುಂಟು. ಬೇಟೆಗಾರರಿಲ್ಲದ ಆ ನೀರಿನಲ್ಲಿ ಸೊಳ್ಳೆಗಳಿಗೆ ಹಬ್ಬ!

ಉಪಾಯವಿಲ್ಲದಿಲ್ಲ. ಸಮೀಪದ ಜಕ್ಕೂರಿನಲ್ಲಿ ಕೊಳಚೆ ನೀರನ್ನು ಘಟಕದಲ್ಲಿ ಶುದ್ಧಿಗೊಳಿಸಿ, ಬಳಿಕ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಿದೆ. ಇಂಥ ಏರ್ಪಾಡು ಕೆರೆಕೆರೆಗೂ ಒದಗಲಿ. ಸೊಳ್ಳೆಪರದೆ ಕಟ್ಟುವ ಮುನ್ನ, ಒಮ್ಮೆ ನಮ್ಮ ಕಾಲುವೆಯನ್ನು ಇಣುಕಿ ನೋಡೋಣ.